ತೇಲಿಸಿ ಆರಿಸಿದ ಗ್ಯಾಸ್ ಡಬ್ಬಿ

ಹ್ಯಾಚೆಟ್ ಕ್ರೀಕ್ ಅಂಗಡಿಯ ವರಾಂಡದಲ್ಲಿ ಆರ್ವಲ್ ಪ್ರೂಯಿಟ್ ಮಂಡಿಯೂರಿ ಕುಳಿತಿದ್ದ. ದೂರದಿಂದ ನೋಡಿದವರು ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಳ್ಳಬೇಕು, ಮುಖದಲ್ಲಿ ಅಷ್ಟು ಭಕ್ತಿಯಿತ್ತು. ಅವನ ಮುಂದೆ ಅಂಗಡಿಯ ನಾಯಿ ನೀರು ಕುಡಿಯುವ ಬೋಗುಣಿ. ಬೋಗುಣಿಯ ನೀರಿನಲ್ಲಿ ತೇಲುವ ಒಂದು ಗ್ಯಾಸ್ ಡಬ್ಬಿ, ಚಾರಣಿಗರು ಪುಟ್ಟ ಒಲೆಗೆ ತಿರುಗಿಸಿ ಕೂರಿಸುವಂಥದ್ದು. ಎಷ್ಟು ಮುಳುಗಿದೆ, ಎಷ್ಟು ಮೇಲಿದೆ ಎಂದು ಒಂದು ಕಣ್ಣು ಮುಚ್ಚಿ ನೋಡುವನು, ತಲೆಯಾಡಿಸುವನು, ಎತ್ತಿ ಪಕ್ಕಕ್ಕಿಟ್ಟು ಇನ್ನೊಂದನ್ನು ತೇಲಿಬಿಡುವನು. ತುಂಬಿದ ಡಬ್ಬಿ ಆಳಕ್ಕೆ ಕೂರುತ್ತದೆ, ಬರಿದಾದದ್ದು ಬಾತುಕೋಳಿಯಂತೆ ಮೇಲೇಳುತ್ತದೆ. ಆರ್ವಲ್‌ಗೆ ಎರಡೂ ಬೇಡ, ನಡುವಿನದು ಬೇಕು.

ಡಬ್ಬಿಗಳು ಬಂದದ್ದು ವರಾಂಡದ ಮೂಲೆಯಲ್ಲಿದ್ದ ಪೆಟ್ಟಿಗೆಯಿಂದ. ಬೆಟ್ಟ ಇಳಿದು ಬಂದ ಚಾರಣಿಗರು ತಮಗೆ ಬೇಡವಾದದ್ದನ್ನು ಅದರಲ್ಲಿ ಬಿಟ್ಟು ಹೋಗುತ್ತಾರೆ, ಹತ್ತುವವರು ಬೇಕಾದದ್ದನ್ನು ಎತ್ತಿಕೊಳ್ಳುತ್ತಾರೆ, ಕೇಳುವವರಿಲ್ಲ, ಹೇಳುವವರಿಲ್ಲ. ಒಂಟಿ ಕೈಗವಸು, ಅರ್ಧ ಚೀಲ ಓಟ್ಸ್, ಯಾರಿಗೂ ಬೇಡವಾದ ಬಟಾಣಿ ಪುಡಿ, ಅರ್ಧಂಬರ್ಧ ಉರಿದ ಗ್ಯಾಸ್ ಡಬ್ಬಿಗಳು.

"ಆರ್ವಲ್," ಬೆಂಚಿನ ಮೇಲಿಂದ ಅವನ ಹೆಂಡತಿ ಲೆನೋರಾ ಕರೆದಳು. "ಒಳಗೆ ಅಂಗಡೀಲಿ ಹೊಸ ಡಬ್ಬಿಗಳು ಸಾಲಾಗಿ ಕೂತಿವೆ. ನಾನೇ ನೋಡ್ಕೊಂಡು ಬಂದೆ."

"ತುಂಬಿದ ಡಬ್ಬಿ ಯಾಕೆ? ಬೇಕಾದಷ್ಟೇ ಹೊರಬೇಕು. ಮಿಕ್ಕಿದ್ದೆಲ್ಲ ಬರೀ ಹೊರೆ."

"ನಾಯಿಗೆ ಬಾಯಾರಿಕೆ ಆಗಿದೆ ಕಣೋ."

ನಾಯಿ ನಿಜಕ್ಕೂ ಪಕ್ಕದಲ್ಲೇ ನಿಂತಿತ್ತು. ತನ್ನ ನೀರಿನಲ್ಲಿ ನಡೆಯುತ್ತಿದ್ದ ಈ ಶಾಸ್ತ್ರ ಮುಗಿಯುವುದನ್ನು ಬಹಳ ಸೌಜನ್ಯದಿಂದ ಕಾಯುತ್ತಿತ್ತು.

ಹೊಸ ಡಬ್ಬಿ ಕೊಳ್ಳದಿರುವುದಕ್ಕೆ ಹೊರೆ ಎನ್ನುವುದು ಹೇಳುವ ಕಾರಣ. ಹೇಳದ ಕಾರಣ ಬೇರೆಯಿತ್ತು.

ಸಿಯೆರಾ ಬೆಟ್ಟಗಳ ಕಾಲುದಾರಿಯಲ್ಲಿ ನಡೆಯುವವರಿಗೆ ತಂದೆತಾಯಿ ಇಟ್ಟ ಹೆಸರು ಒಂದಾದರೆ, ದಾರಿ ಇಟ್ಟ ಹೆಸರು ಇನ್ನೊಂದು. ಆರ್ವಲ್‌ಗೆ ದಾರಿ ಇಟ್ಟ ಹೆಸರು ಪಾದ್ರಿ. ಚರ್ಚಿಗೂ ಅದಕ್ಕೂ ಸಂಬಂಧವಿಲ್ಲ. ಅವನು ಬೋಧಿಸುತ್ತಿದ್ದದ್ದು ಒಲೆಯನ್ನು. ಈ ದಾರಿಯಲ್ಲಿ ದೇವರ ಬಗ್ಗೆ ಜಗಳವಾದದ್ದನ್ನು ಕಂಡವರಿಲ್ಲ. ಒಲೆಯ ಬಗ್ಗೆ ಜಗಳವಾಗದ ಸಂಜೆಯಿಲ್ಲ. ಸ್ಪಿರಿಟ್ ಉರಿಸುವವರದ್ದು ಒಂದು ಮತ, ಗ್ಯಾಸ್ ಉರಿಸುವವರದ್ದು ಇನ್ನೊಂದು ಮತ, ಪುಳ್ಳೆ ಆಯ್ದು ಉರಿಸುವವರದ್ದು ಎಲ್ಲಕ್ಕಿಂತ ಹಳೆಯ ಮತ. ಇವರೆಲ್ಲರನ್ನೂ ದಾಟಿ ಒಲೆಯನ್ನೇ ತ್ಯಜಿಸಿದ ವಿರಕ್ತರ ಪಂಥವೂ ಒಂದುಂಟು. ಅವರು ಬೆಳಗ್ಗೆ ನೂಡಲ್ಸನ್ನು ತಣ್ಣೀರಿನಲ್ಲಿ ನೆನೆಹಾಕಿ, ಸಂಜೆ ಅದನ್ನೇ ತಿಂದು, ತಿಂದೆವೆಂದು ಊರಿಗೆಲ್ಲ ಹೇಳುತ್ತಾರೆ.

ಆರ್ವಲ್ ಸ್ಪಿರಿಟಿನ ಮತದ ಹಿರಿಯ. ಬೆಕ್ಕಿಗೆ ಹಾಕುವ ಮೀನಿನ ಡಬ್ಬಿ ಖಾಲಿಯಾದ ಮೇಲೆ ಅದಕ್ಕೆ ಸುತ್ತಲೂ ತೂತು ಹೊಡೆದರೆ ಒಲೆ ಸಿದ್ಧ. ಗುಟುಕು ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ಬೆಂಕಿ ಸಿದ್ಧ. "ತಿರುಪಿಲ್ಲ, ಕೊಳವೆಯಿಲ್ಲ, ಕೆಡೋದಕ್ಕೆ ಏನೂ ಇಲ್ಲ," ಎಂದು ಅವನು ಎಷ್ಟು ವರಾಂಡಗಳಲ್ಲಿ ಸಾರಿದ್ದನೋ. ಬೆಟ್ಟ ಹಿಮದಲ್ಲಿ ಮುಚ್ಚಿಹೋದಾಗ ಚಾರಣಿಗರ ಅಂತರ್ಜಾಲದ ಹರಟೆಕಟ್ಟೆಯಲ್ಲಿ ಬರೆದು ಸಾರುತ್ತಿದ್ದ. ಗ್ಯಾಸಿನವರನ್ನು ಕಂಡರೆ ಅವನಿಗೆ ವಿಶೇಷ ಕರುಣೆ. ಅವರಿಗಾಗಿ ಬರೆದ ಉಪದೇಶವನ್ನು ಹಲವರು ಬಾಯಿಪಾಠ ಮಾಡಿದ್ದರು.

ಈಗ ಅದೇ ಪಾದ್ರಿ ಗ್ಯಾಸ್ ಡಬ್ಬಿಯ ಮುಂದೆ ಮಂಡಿಯೂರಲು ಕಾರಣವಾದದ್ದು ಅಂದು ಬೆಳಗ್ಗೆ, ಬೆಟ್ಟ ಹತ್ತಲು ಪರವಾನಗಿ ಕೊಡುವ ಕಿಟಕಿಯ ಬಳಿ ನಡೆದದ್ದು. ಅರಣ್ಯದ ರೇಂಜರ್ ಮರಿಸೆಲಾ ಚೀಟಿ ಬರೆಯುತ್ತಾ ಹೇಳಿದ್ದಳು: "ಈ ವರ್ಷ ಬೆಟ್ಟ ಒಣಗಿ ಕೂತಿದೆ. ತಿರುಪು ತಿರುಗಿಸಿದ ಕೂಡಲೇ ಆರೋ ಒಲೆಗೆ ಮಾತ್ರ ಅನುಮತಿ. ಪುಳ್ಳೆ ಉರಿಸೋ ಹಾಗಿಲ್ಲ, ಸ್ಪಿರಿಟ್ ಉರಿಸೋ ಹಾಗಿಲ್ಲ. ನಿಮ್ಮ ಚೀಲದಲ್ಲಿ ಸ್ಪಿರಿಟ್ ಇಲ್ಲ ತಾನೆ?"

"ಛೆ ಛೆ," ಎಂದಿದ್ದ ಆರ್ವಲ್. ಮೀನಿನ ಡಬ್ಬಿಯೂ ಸ್ಪಿರಿಟಿನ ಬಾಟಲಿಯೂ ಗಾಯಕ್ಕೆ ಕಟ್ಟುವ ಬಟ್ಟೆಯ ಚೀಲದೊಳಗೆ ಸುತ್ತಿಕೊಂಡು ಮಲಗಿದ್ದವು.

"ಗ್ಯಾಸ್ ಒಲೆ ಇದೆಯಾ?"

ಆರ್ವಲ್ ತಡವರಿಸಿದಾಗ ಪಕ್ಕದಲ್ಲಿದ್ದ ಲೆನೋರಾ, "ಇದೆ," ಎಂದಿದ್ದಳು. "ಉಣ್ಣೆ ಕಾಲುಚೀಲದಲ್ಲಿ ಬಚ್ಚಿಟ್ಟಿದ್ದಾನೆ. ಗ್ಯಾರೇಜಿನಲ್ಲಿ ಬಾಗಿಲು ಹಾಕ್ಕೊಂಡು ಹಚ್ಚಿ ಹಚ್ಚಿ ನೋಡ್ತಾನೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾನೆ."

"ಅದು ಪ್ರಯೋಗಕ್ಕೆ," ಎಂದ ಆರ್ವಲ್.

"ಪ್ರಯೋಗ ಶುರು ಮಾಡಿ," ಎಂದು ಮರಿಸೆಲಾ ಮೊಹರು ಒತ್ತಿದಳು.

ಒಲೆಯೇನೋ ಇತ್ತು. ಆದರೆ ಪಾದ್ರಿಯಾದವನು ಅಂಗಡಿಯ ಹೊಸ್ತಿಲು ದಾಟಿ, ನಾಲ್ಕು ಜನ ನೋಡುವಂತೆ ಗ್ಯಾಸ್ ಕೊಂಡುಕೊಳ್ಳುವುದೆಂದರೇನು? ಪೆಟ್ಟಿಗೆಯಿಂದ ಎತ್ತಿಕೊಂಡರೆ ಅದು ಕೊಂಡದ್ದಲ್ಲ, ಸಿಕ್ಕಿದ್ದು. ಸಿಕ್ಕಿದ್ದಕ್ಕೆ ಮತಭಂಗವಿಲ್ಲ. ಹೀಗೆಂದು ಅವನು ತನಗೆ ತಾನೇ ತೀರ್ಪು ಕೊಟ್ಟುಕೊಂಡು ನಾಯಿಯ ಬೋಗುಣಿ ಎಳೆದುಕೊಂಡಿದ್ದ. ತನ್ನದೇ ಪಾತ್ರೆಯಲ್ಲಿ ತೇಲಿಸುವ ಹಾಗಿರಲಿಲ್ಲ. ಹಗುರವಾಗಿರಲೆಂದು ಅವನು ತಂದಿದ್ದ ಒಂದೇ ಪಾತ್ರೆ ಎಷ್ಟು ಸಣ್ಣದೆಂದರೆ ಡಬ್ಬಿ ಅದರೊಳಗೆ ಇಳಿಯುತ್ತಲೇ ಇರಲಿಲ್ಲ.

"ಓಹೋ, ಜ್ಞಾನಸ್ನಾನ ನಡೀತಿದೆ!" ವರಾಂಡದ ಮೆಟ್ಟಿಲ ಮೇಲೆ ಒಬ್ಬ ತರುಣಿ ನಿಂತಿದ್ದಳು. ಅವಳು ಒಲೆ ಬಿಟ್ಟ ಪಂಥದವಳು. ದಾರಿ ಇಟ್ಟ ಹೆಸರು ತಂಗಳು. ಕೈಯಲ್ಲಿ ಅಗಲ ಬಾಯಿಯ ಪ್ಲಾಸ್ಟಿಕ್ ಬಟ್ಟಲು, ಬಟ್ಟಲಲ್ಲಿ ಎಂದೋ ನೆನೆದ ಓಟ್ಸ್. "ಪಾದ್ರಿಗಳೇ, ಗ್ಯಾಸಿನವರ ಪಾಪ ತೊಳೀತಿದ್ದೀರಾ, ಇಲ್ಲಾ ನೀವೇ ಮತ ಬದಲಾಯಿಸಿದ್ರಾ?"

"ಕಾನೂನು ಪಾಲಿಸ್ತಿದ್ದೀನಿ."

"ನನ್ನ ಹಾಗೆ ಒಲೆ ಬಿಟ್ಟುಬಿಡಿ. ಹೊಟ್ಟೆ ಒಳಗೆ ಹೋದ ಮೇಲೆ ಎಲ್ಲಾ ತಾನಾಗೇ ಬಿಸಿಯಾಗತ್ತೆ." ಅವಳು ಒಂದು ಚಮಚ ಬಾಯಿಗಿಟ್ಟು, ನುಂಗುವಾಗ ಕಣ್ಣು ಮುಚ್ಚಿದಳು. ಆನಂದಕ್ಕಲ್ಲ.

ಆರ್ವಲ್ ಕೊನೆಗೊಂದು ಡಬ್ಬಿಯನ್ನು ನೀರಿನಿಂದೆತ್ತಿ ಅಂಗಿಯಲ್ಲಿ ಒರೆಸಿದ. "ಇದೇ. ಸರಿಯಾಗಿ ಅರ್ಧ. ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಅರ್ಧ ತುಂಬಿರೋ ಡಬ್ಬೀನ ಯಾಕೆ ಬಿಟ್ಟು ಹೋದ್ರೋ?" ಎಂದಳು ತಂಗಳು.

"ಬೆಲೆ ಗೊತ್ತಿಲ್ಲದ ಜನ," ಎಂದ ಆರ್ವಲ್.

ಲೆನೋರಾ ಕಾಗದದ ಲೋಟದ ಕಾಫಿಯನ್ನು ಕೊನೆಯ ಹನಿಯವರೆಗೂ ಕುಡಿದಳು. ಅವಳು ಈ ನಡಿಗೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಅದನ್ನು ಮನೆಯಲ್ಲಿ ಹೇಳಿದ್ದಳು, ಕಾರಿನಲ್ಲಿ ಹೇಳಿದ್ದಳು, ಈಗ ಚೀಲ ಹೆಗಲಿಗೇರಿಸುವಾಗ ಮತ್ತೆ ಹೇಳಿದಳು: "ಬೆಳಗ್ಗೆ ಎದ್ದ ಕೂಡಲೇ ಬಿಸಿ ಕಾಫಿ. ಬೆಚ್ಚಗೆ ಅಲ್ಲ, ಬಿಸಿ. ಒಂದು ಬೆಳಗ್ಗೆ ತಪ್ಪಿದ್ರೂ ಮೊದಲು ಸಿಕ್ಕೋ ರಸ್ತೆಗೆ ಇಳಿದು ಮನೆಗೆ ಹೋಗ್ತೀನಿ. ಇನ್ನು ಯಾವತ್ತೂ ಕರೀಬೇಡ."

ಆರ್ವಲ್ ಇಷ್ಟು ವರ್ಷ ಒಬ್ಬನೇ ನಡೆದವನು. ಎಷ್ಟೋ ಕಣಿವೆಗಳ ಮೇಲೆ ಹೊತ್ತು ಮೂಡಿದ್ದನ್ನು ನೋಡಿದ್ದ. ನೋಡಿದಾಗಲೆಲ್ಲ ಪಕ್ಕದವರ ಪಕ್ಕೆಗೆ ತಿವಿದು 'ನೋಡಲ್ಲಿ' ಎನ್ನಲು ಮೊಣಕೈ ತಾನಾಗಿ ಏಳುತ್ತಿತ್ತು, ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಅದನ್ನು ಅವನು ಯಾವ ಹರಟೆಕಟ್ಟೆಯಲ್ಲೂ ಬರೆದಿರಲಿಲ್ಲ. ಲೆನೋರಾಗೂ ಹೇಳಿರಲಿಲ್ಲ.

ಕೆಳಗಿನ ಕಾಡಿನಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಹೊಳೆಯ ಪಕ್ಕದ ಬೆಳಗುಗಳು ಸೌಮ್ಯವಾಗಿದ್ದವು. ತಿರುಪು ತಿರುಗಿಸಿದರೆ ನೀಲಿ ಉರಿ, ಉರಿಯ ಮೇಲೆ ಪಾತ್ರೆ, ಪಾತ್ರೆಯಿಂದ ಲೋಟಕ್ಕೆ, ಲೋಟದಿಂದ ಲೆನೋರಾಗೆ. ಅವಳು ಮಲಗುಚೀಲದೊಳಗಿಂದ ಕೈ ಮಾತ್ರ ಹೊರಗೆ ಚಾಚಿ ತೆಗೆದುಕೊಳ್ಳುವಳು. ಎರಡು ಗುಟುಕಾದ ಮೇಲೆ ತಲೆ ಹೊರಬರುವುದು. ಲೋಟ ಮುಗಿಯುವ ಹೊತ್ತಿಗೆ, "ಆ ಹಕ್ಕಿ ಯಾವುದು?" ಎಂದು ಕೇಳುವಳು. ಆರ್ವಲ್‌ಗೆ ಹಕ್ಕಿಗಳ ಹೆಸರು ಗೊತ್ತಿಲ್ಲ. ಆದರೂ ಕೇಳಿದ್ದೇ ಸಾಕೆನಿಸುವುದು.

ಡಬ್ಬಿಯ ಲೆಕ್ಕ ಮಾತ್ರ ಅವನನ್ನು ನೆಮ್ಮದಿಯಾಗಿರಲು ಬಿಡಲಿಲ್ಲ. ರಾತ್ರಿಯ ಆಲೂಗಡ್ಡೆ ಪುಡಿಗೆ ನೀರು ಕುದಿಯುವ ಮೊದಲೇ ಉರಿ ಆರಿಸಿದ. ನೂಡಲ್ಸನ್ನು ಅರ್ಧ ಬೇಯಿಸಿ, ಪಾತ್ರೆಗೆ ತನ್ನ ಟೋಪಿ ತೊಡಿಸಿ, ಮಿಕ್ಕರ್ಧ ತಾನಾಗಿ ಬೇಯುತ್ತದೆ ಎಂದ. ಗಾಳಿಗೆ ಅಡ್ಡವಾಗಿ ಬೆನ್ನು ಕೊಟ್ಟು ಕುಳಿತ.

"ಈ ನೂಡಲ್ಸು ಕಟಕಟ ಅಂತಿದೆ," ಎಂದಳು ಲೆನೋರಾ.

"ಹಲ್ಲಿಗೆ ಒಳ್ಳೇದು."

"ನೋಡು, ನನಗೆ ಊಟ ಹೇಗಿದ್ರೂ ನಡಿಯತ್ತೆ. ಕಾಫಿ ತಂಟೆಗೆ ಬರಬೇಡ."

"ಕಾಫಿ ತಂಟೆಗೆ ಯಾರು ಬಂದ್ರು? ಡಬ್ಬೀಲಿ ಬೇಕಾದಷ್ಟಿದೆ. ತೇಲಿಸಿ ನೋಡಿ ತಂದಿರೋದು!"

ದಾರಿ ಏರುತ್ತಾ ಹೋಯಿತು. ಮರಗಳು ಕುಳ್ಳಾದವು, ಆಮೇಲೆ ಇಲ್ಲವಾದವು. ಎದುರು ಗುಡ್ಡದ ಒಂದು ಮಗ್ಗುಲು ಪೂರ್ತಿ ಕಪ್ಪಾಗಿತ್ತು. ಹಿಂದಿನ ಬೇಸಗೆಯಲ್ಲಿ ಯಾರೋ ಅಡುಗೆ ಮಾಡಿ ಹೋದ ಬೆಂಕಿ ಅಲ್ಲಿ ಊಟ ಮಾಡಿತ್ತು. ಕೊನೆಯ ಏರಿನ ಬುಡದ ಕೆರೆಯ ಬಳಿ ಅವರು ಡೇರೆ ಹಾಕಿದರು. ಅಲ್ಲಿ ದಾರಿ ಕವಲೊಡೆಯುತ್ತಿತ್ತು: ಒಂದು ಮೇಲೆ ಬೆಟ್ಟದ ನೆತ್ತಿ ದಾಟಿ ಆಚೆಗೆ, ಇನ್ನೊಂದು ಕೆಳಗೆ ವಿಲ್ಲೋ ಫ್ಲಾಟ್ ಎಂಬ ಊರಿನ ಡಾಂಬರು ರಸ್ತೆಗೆ. ಕಲ್ಲುಗುಪ್ಪೆಯಾಚೆ ತಂಗಳು ತನ್ನ ಡೇರೆ ಹಾಕಿದ್ದಳು.

ಬೆಳಗ್ಗೆ ಆರ್ವಲ್ ಎದ್ದಾಗ ಬಾಟಲಿಯ ನೀರು ಕಲ್ಲಾಗಿತ್ತು. ಉಸಿರು ಮೀಸೆಯ ಮೇಲೆ ಉಪ್ಪಿನಂತೆ ಕೂತಿತ್ತು. ಕೆರೆಯ ಅಂಚಿನ ಮಂಜುಗಡ್ಡೆ ಒಡೆದು ಪಾತ್ರೆಗೆ ನೀರು ತಂದ, ಒಲೆಯನ್ನು ಡಬ್ಬಿಗೆ ತಿರುಗಿಸಿ ಕೂರಿಸಿದ, ಕಡ್ಡಿ ಗೀರಿದ. ಮಿಣುಕುಹುಳದಷ್ಟು ಉರಿ ಬಂತು, ಅತ್ತ ಇತ್ತ ನೋಡಿತು, ಹೋಯಿತು. ಮತ್ತೆ ಗೀರಿದ. ಮತ್ತೆ ಹೋಯಿತು. ಡಬ್ಬಿಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿದರೆ ಒಳಗೆ ಗುಳುಗುಳು ಸದ್ದು.

"ಇದೆ!" ಎಂದ ಆರ್ವಲ್. "ಲೆನೋರಾ, ಕೇಳಿಸ್ಕೋ, ಒಳಗೆ ಇದೆ!"

ಮಲಗುಚೀಲದಿಂದ ಕೈ ಹೊರಬಂದಿತ್ತು. ಕೈ ಕೇಳಿತು: "ಎಲ್ಲಿ?"

"ಡಬ್ಬಿ ಒಳಗೆ."

"ಲೋಟದ ಒಳಗೆ ಇದೆಯಾ?"

"ಅದೇ... ಒಂದು ನಿಮಿಷ."

ಕೈ ಒಳಗೆ ಹೋಯಿತು. ಒಳಗಿನಿಂದ ಜಿಪ್ಪು ಎಳೆಯುವ ಸದ್ದು ಕೇಳಿತು. ಅವಳು ಎದ್ದು ಬೂಟು ಹಾಕಿಕೊಳ್ಳುತ್ತಿದ್ದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಆರ್ವಲ್‌ಗೆ ಎಷ್ಟೋ ಧೈರ್ಯವಿರುತ್ತಿತ್ತು. ಅವಳು ಮಲಗುಚೀಲವನ್ನು ನಿಧಾನವಾಗಿ, ಅಚ್ಚುಕಟ್ಟಾಗಿ, ರಸ್ತೆಗೆ ಇಳಿಯುವವರು ಸುತ್ತುವ ಹಾಗೆ ಸುತ್ತತೊಡಗಿದಳು.

ಆರ್ವಲ್ ಗಾಯದ ಬಟ್ಟೆಯ ಚೀಲ ಬಿಚ್ಚಿದ. ಮೀನಿನ ಡಬ್ಬಿ ಹೊರಬಂತು, ಸ್ಪಿರಿಟಿನ ಬಾಟಲಿ ಹೊರಬಂತು. ಒಂದು ಗುಟುಕು, ಒಂದು ಕಡ್ಡಿ, ಕಾಫಿ ಕುದಿಯುತ್ತದೆ, ನೋಡುವವರು ಯಾರು? ಕಾಲ ಕೆಳಗಿನ ಹುಲ್ಲು ಕಾಗದದಂತೆ ಸರಸರ ಎಂದಿತು.

"ಅದನ್ನ ಹೊತ್ಕೊಂಡು ಬಂದ್ಯಾ?" ಹಿಂದಿನಿಂದ ಲೆನೋರಾ ಕೇಳಿದಳು. "ಆ ರೇಂಜರ್ ಹೆಣ್ಣುಮಗಳ ಮುಖ ನೋಡಿ ಇಲ್ಲ ಅಂದ್ಯಲ್ಲೋ!"

"ನಿನ್ನ ಕಾಫಿಗೆ..."

"ಎದುರಿಗೆ ನೋಡು." ಕಪ್ಪು ಗುಡ್ಡದ ಕಡೆಗೆ ಅವಳ ಗಲ್ಲ ತಿರುಗಿತು. "ಅದೂ ಯಾರದೋ ಕಾಫಿನೇ ಇರಬೇಕು. ನನ್ನ ಹೆಸರಲ್ಲಿ ಇನ್ನೊಂದು ಬೇಡ. ಬಾಟಲಿ ಮುಚ್ಚು. ಮನೇಲಿ ಕಿಟಕಿ ಒರೆಸೋಕೆ ಆಗತ್ತೆ."

ಆರ್ವಲ್ ಮುಚ್ಚಿದ. ಇಪ್ಪತ್ತು ಚಳಿಗಾಲದ ಬೋಧನೆ ಕಿಟಕಿ ಒರೆಸುವುದಕ್ಕಾಯಿತು.

ಅಷ್ಟರಲ್ಲಿ ತಂಗಳು ಬಟ್ಟಲು ಹಿಡಿದು ಬಂದಳು. ಅವಳ ಓಟ್ಸ್‌ನ ಮೇಲೆ ಮಂಜಿನ ಕೆನೆ ಕಟ್ಟಿತ್ತು. ಚಮಚದಿಂದ ಕುಕ್ಕಿ ಕುಕ್ಕಿ ತಿನ್ನುತ್ತಿದ್ದಳು. ಆರಿದ ಒಲೆ ನೋಡಿದಳು, ಆರ್ವಲ್‌ನ ಮುಖ ನೋಡಿದಳು, ಎಲ್ಲ ತಿಳಿಯಿತು. ಎದೆಯ ಮೇಲೆ ಕೈಯಿಟ್ಟು, ಪೀಠದಿಂದ ಓದುವವರಂತೆ ರಾಗವಾಗಿ ಶುರುಮಾಡಿದಳು:

"ಗ್ಯಾಸಿನ ಮಕ್ಕಳೇ ಕೇಳಿ! ನಿಮ್ಮ ಡಬ್ಬಿಯಲ್ಲಿ ಹಗುರವಾದದ್ದು ಮೊದಲು ಹಾರಿ ಹೋಗುತ್ತದೆ. ಚಳಿಗೆ ಮರಗಟ್ಟುವ ಜಡವಾದದ್ದು ತಳದಲ್ಲಿ ಉಳಿಯುತ್ತದೆ. ಉಳಿದದ್ದು ಎಷ್ಟಿದ್ದರೇನು, ಏಳದಿದ್ದ ಮೇಲೆ? ಆಗ ನೀವು ಆ ಡಬ್ಬಿಯನ್ನು ಹೆಂಡತಿಯಂತೆ ತಬ್ಬಿ ಮಲಗಬೇಕಾಗುತ್ತದೆ! ಆಮೆನ್."

"ಯಾರು ಬರೆದದ್ದು?" ಎಂದಳು ಲೆನೋರಾ.

"ನಿಮ್ಮ ಯಜಮಾನರೇ. ಹೋದ ಚಳಿಗಾಲದಲ್ಲಿ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ."

ಆರ್ವಲ್ ಡಬ್ಬಿಯಿಂದ ಒಲೆಯನ್ನು ಬಿಚ್ಚಿ ತೆಗೆದ. ಗೊತ್ತಿತ್ತು. ಬೇರೆಯವರಿಗೆ ಹೇಳುವಷ್ಟು ಗೊತ್ತಿತ್ತು. ಪೆಟ್ಟಿಗೆಯಲ್ಲಿ ಬಿಟ್ಟು ಹೋದವರು ಬೆಲೆ ಗೊತ್ತಿಲ್ಲದವರಲ್ಲ, ಚೆನ್ನಾಗಿ ಗೊತ್ತಿದ್ದವರು. ನಾಯಿಯ ಬೋಗುಣಿ ಎಷ್ಟಿದೆ ಎಂದು ಹೇಳಿತ್ತೇ ಹೊರತು ಎಂಥದ್ದಿದೆ ಎಂದು ಹೇಳಿರಲಿಲ್ಲ. ಅದನ್ನು ಹೇಳುವುದು ನಾಯಿಯ ಬೋಗುಣಿಯ ಕೆಲಸವೂ ಅಲ್ಲ.

"ಸೂರ್ಯ ಆ ಬಂಡೆಗೆ ಬರೋವರೆಗೂ ಕಾಯ್ತೀನಿ," ಎಂದಳು ಲೆನೋರಾ. "ಆಮೇಲೆ ಕೆಳಗಿನ ದಾರಿ." ಚೀಲದ ಮೇಲೆ ಕುಳಿತಳು.

ಆರ್ವಲ್ ಅಂಗಿಯ ಗುಂಡಿ ಬಿಚ್ಚಿ ಡಬ್ಬಿಯನ್ನು ಬರಿಹೊಟ್ಟೆಗೆ ಒತ್ತಿಕೊಂಡ. ಹೊಮ್ಮಿದ ಕೂಗು ಕೇಳಿ ಬಂಡೆಯ ಸಂದಿಯಿಂದ ಒಂದು ಅಳಿಲು ಓಡಿಹೋಯಿತು. ಇಬ್ಬರು ಹೆಂಗಸರ ಮುಂದೆ ಹೊಟ್ಟೆಯುಬ್ಬಿಸಿಕೊಂಡು, ಹಲ್ಲು ಕಟಕಟಿಸುತ್ತಾ, ಬಸುರಿಯಂತೆ ಎರಡೂ ಕೈ ಕೆಳಗಿಟ್ಟು ಕೂತ ಪಾದ್ರಿಯನ್ನು ಸ್ಪಿರಿಟಿನ ಮತದವರು ಯಾರಾದರೂ ಕಂಡಿದ್ದರೆ ಅಂದೇ ಮತ ಬಿಡುತ್ತಿದ್ದರು.

"ಎಷ್ಟು ತಿಂಗಳು?" ಎಂದಳು ತಂಗಳು.

ಡಬ್ಬಿ ಹೊರಬಂದು ಮತ್ತೆ ಒಲೆಗೆ ಕೂತಾಗ ಉರಿ ಎದ್ದಿತು. ನೀಲಿಯಾಗಿ, ಗುರುಗುಟ್ಟುತ್ತಾ ಎದ್ದಿತು. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಸಾಲುಗಟ್ಟಿದವು. ಆರ್ವಲ್ ಹೆಂಡತಿಯ ಕಡೆ ತಿರುಗಿ ನಗುವಷ್ಟರಲ್ಲಿ ಉರಿ ಕುಗ್ಗಿತು. ಉರಿದಷ್ಟೂ ಡಬ್ಬಿ ಮತ್ತೆ ತಣ್ಣಗಾಗಿ, ಮೈಮೇಲೆ ಬಿಳಿ ಮಂಜು ಹಿಡಿದು, ಮಿಣುಕುಹುಳವಾಗಿ ಆರಿತು. ಬಿಸಿಲು ಬಂಡೆಯ ನೆತ್ತಿಗೆ ಇನ್ನೇನು ಬರುವುದರಲ್ಲಿತ್ತು.

ಲೆನೋರಾ ಬೆರಳದ್ದಿ ನೋಡಿದಳು. "ಬೆಚ್ಚಗಿದೆ."

'ಬೆಚ್ಚಗೆ' ಎಂಬ ಮಾತಿಗೆ ಅವಳ ಷರತ್ತಿನಲ್ಲಿ ಏನು ಸ್ಥಾನವಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಎದ್ದು ಚೀಲ ಹೆಗಲಿಗೆ ಹಾಕಿದಳು. ಹಾಕುತ್ತಾ, ಅಷ್ಟು ಹೊತ್ತು ತಡೆದುಕೊಂಡಿದ್ದ ಒಂದು ಮಾತನ್ನು ತಡೆಯಲಾಗದೆ ಬಿಟ್ಟಳು: "ಅಲ್ಲಿ ಅಷ್ಟು ಹೊತ್ತು ನೀರಲ್ಲಿ ತೇಲಿಸಿ ತೇಲಿಸಿ ಆರಿಸಿದ್ಯಲ್ಲ. ಇಲ್ಲೂ ದೊಡ್ಡ ಕೆರೆ ಇದೆ. ತೇಲಿಸ್ತಾ ಕೂತಿರು."

ಆರ್ವಲ್ ಕೆರೆಯನ್ನು ನೋಡಿದ. ಬಾಟಲಿಯ ನೀರು ಕಲ್ಲಾಗಿದೆ. ಮಂಜುಗಡ್ಡೆಯ ಕೆಳಗಿನ ಕೆರೆ ಇನ್ನೂ ನೀರಾಗಿಯೇ ಇದೆ. ಹಾಗಾದರೆ ಈ ಗಾಳಿಗಿಂತ ಆ ನೀರೇ ಬೆಚ್ಚಗಿದೆ. ಅವನು ಎದ್ದ ರಭಸಕ್ಕೆ ಮಂಡಿ ಲಟಕ್ಕೆಂದಿತು.

"ಬಟ್ಟಲು! ತಂಗಳೂ, ಆ ಬಟ್ಟಲು ಕೊಡು!"

"ನನ್ನ ತಿಂಡಿ ಇದೆ ಇದರಲ್ಲಿ."

"ಬೇಗ ತಿನ್ನಮ್ಮ! ಡಬ್ಬೀನ ನೀರಲ್ಲಿ ಕೂರಿಸಬೇಕು. ನನ್ನ ಪಾತ್ರೆ ಸಣ್ಣದು!"

ತಂಗಳು ಬಟ್ಟಲನ್ನು ಎದೆಗವಚಿಕೊಂಡು ಸುತ್ತ ನೋಡಿದಳು; ದಾರಿಯಲ್ಲಿ ಯಾರೂ ಇಲ್ಲ. ದನಿ ತಗ್ಗಿಸಿದಳು. "ನನಗೂ ಒಂದು ಲೋಟ ಕಾಫಿ."

"ನೀನು ಒಲೆ ಬಿಟ್ಟವಳಲ್ಲವಾ?"

"ಬಿಟ್ಟಿರೋದು ಒಲೆ. ಕಾಫಿ ಬಿಟ್ಟಿದ್ದೀನಿ ಅಂತ ಯಾರು ಹೇಳಿದ್ದು? ಬಿಸಿದು ಕುಡಿದು ಎಷ್ಟು ದಿನ ಆಯ್ತು ಗೊತ್ತಾ ಪಾದ್ರಿಗಳೇ..." ಅವಳ ಕಣ್ಣಲ್ಲಿ ನಿಜಕ್ಕೂ ನೀರಾಡಿತು. "ಯಾರಿಗೂ ಹೇಳಬಾರದು."

ಓಟ್ಸ್ ನಾಲ್ಕು ತುತ್ತಿನಲ್ಲಿ ಮುಗಿಯಿತು. ಬಟ್ಟಲಿಗೆ ಕೆರೆಯ ನೀರು ಬಂತು, ನೀರಿನಲ್ಲಿ ಡಬ್ಬಿ, ಡಬ್ಬಿಯ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ ಕೂತವು. ಆರ್ವಲ್ ಡಬ್ಬಿಯ ಎರಡು ಮಗ್ಗುಲಿಗೂ ಅಂಗೈ ಒತ್ತಿ ಹಿಡಿದ. ಬೆರಳುಗಳು ಮೊದಲು ಉರಿದವು, ಆಮೇಲೆ ಯಾರದೋ ಬೆರಳುಗಳಾದವು. ಕಡ್ಡಿ ಗೀರಿದ್ದು ತಂಗಳು. ಉರಿ ಎದ್ದಿತು. ಈ ಸಲ ಆರಲಿಲ್ಲ. ಅವನ ಬಾಯಿ ತನ್ನಷ್ಟಕ್ಕೆ ತಾನೇ ಬಾಲ್ಯದ ಯಾವುದೋ ಪ್ರಾರ್ಥನೆಯ ಸಾಲನ್ನು ಗುನುಗುತ್ತಿತ್ತು, ಒಲೆಗೆ ಸಂಬಂಧವಿಲ್ಲದ್ದನ್ನು. ನೀರು ಸುಯ್ಯೆಂದಿತು, ಗುಳುಗುಳಿಸಿತು, ಕೊನೆಗೆ ತಳದಿಂದ ಮೇಲೆದ್ದು ತಕಪಕ ಕುದಿಯಿತು.

ಸಣ್ಣ ಪಾತ್ರೆಯಲ್ಲಿದ್ದದ್ದು ಎರಡೇ ಲೋಟ. ಒಂದು ಲೆನೋರಾಗೆ, ಒಂದು ತಂಗಳಿಗೆ. ಆರ್ವಲ್ ಖಾಲಿ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಅದರ ಬಿಸಿಯನ್ನು ಕುಡಿದ.

ತಂಗಳು ಕಲ್ಲುಗುಪ್ಪೆಯ ಮರೆಗೆ ಹೋಗಿ, ಬೆನ್ನು ತಿರುಗಿಸಿ, ಕದ್ದು ಸಿಹಿ ತಿನ್ನುವವರ ಹಾಗೆ ಕುಡಿದಳು. ಲೆನೋರಾ ನಿಂತಲ್ಲೇ, ಚೀಲ ಹೆಗಲಿನಲ್ಲಿರುವಂತೆಯೇ, ಮೊದಲ ಗುಟುಕಿಗೆ ನಾಲಿಗೆ ಸುಟ್ಟುಕೊಂಡಳು. ಆರ್ವಲ್ ಅವಳ ಮುಖ ನೋಡಲಾರದೆ ಡಬ್ಬಿಯನ್ನು ನೋಡುತ್ತಿದ್ದ: ಎಷ್ಟು ಉಳಿದಿರಬಹುದು, ಈಗ ತೇಲಿಸಿದರೆ ಎಷ್ಟು ಮುಳುಗಬಹುದು...

ಪಕ್ಕೆಗೆ ಒಂದು ಮೊಣಕೈ ತಿವಿಯಿತು.

"ಅದನ್ನ ಬಿಟ್ಟು ಅಲ್ಲಿ ನೋಡೋ," ಎಂದಳು ಲೆನೋರಾ.

ಬಿಸಿಲು ಬಂಡೆಗೆ ಬಂದಿತ್ತು. ಬಂಡೆಯಿಂದ ಇಳಿದು ಕೆರೆಯ ಮಂಜುಗಡ್ಡೆಯ ಮೇಲೆ ಹರಡುತ್ತಿತ್ತು. ಕಪ್ಪು ಗುಡ್ಡ ಕೂಡ ಒಂದು ಗಳಿಗೆ ಕೆಂಪಾಗಿ ನಿಂತಿತು. ಆರ್ವಲ್ ನೋಡಿದ. ಬಾಯಿ ತೆರೆದುಕೊಂಡು ನೋಡಿದ.

"ಬಾಯಿ ಮುಚ್ಚು, ಹಲ್ಲಿಗೆ ಚಳಿಯಾಗತ್ತೆ," ಎಂದಳು. ಲೋಟ ಮುಗಿಸಿ, ಕೊಡವಿ, ಕವಲಿನ ಬಳಿ ಹೋಗಿ ನಿಂತಳು. ಕೆಳಗಿನ ದಾರಿಯನ್ನು ಒಮ್ಮೆ ನೋಡಿದಳು. ಮೇಲಿನದನ್ನು ಹಿಡಿದಳು.

ಏರಿನ ಅರ್ಧಕ್ಕೆ ಬರುವ ಹೊತ್ತಿಗೆ ಆರ್ವಲ್ ಮತ್ತೆ ಪಾದ್ರಿಯಾಗಿದ್ದ. "ನೀರಿನಲ್ಲಿ ಕೂರಿಸಿದ ಗ್ಯಾಸ್ ಇದೆಯಲ್ಲ," ಎಂದು ಏದುಸಿರಿನ ನಡುವೆ ಶುರುಮಾಡಿದ, "ಅದರ ಮುಂದೆ ಮಿಕ್ಕ ಒಲೆಗಳೆಲ್ಲ ಏನೂ ಅಲ್ಲ. ಜನಕ್ಕೆ ಇದು ಗೊತ್ತಾಗಬೇಕು. ಈ ಚಳಿಗಾಲದಲ್ಲಿ ನಾನು..."

"ಆಚೆ ಕಡೆ ಮೊದಲು ಸಿಕ್ಕೋ ಅಂಗಡೀಲಿ ನಾನು ಹೊಸ ಡಬ್ಬಿ ತಗೋತೀನಿ," ಎಂದಳು ಲೆನೋರಾ ತಿರುಗದೆ. "ತುಂಬಿರೋದು. ದೊಡ್ಡದು. ನೀನು ಹೊರ್ತೀಯ."

ತುಂಬಿದ ಡಬ್ಬಿಯ ತೂಕ ಆರ್ವಲ್‌ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

ಅಂದು ಸಂಜೆ ಬೆಟ್ಟದಾಚೆ ಡೇರೆ ಹಾಕಿ, ಆಲೂಗಡ್ಡೆ ಪುಡಿ ಕಲಸಿ ತಿಂದಾದ ಮೇಲೆ, ಆರ್ವಲ್ ಪಾತ್ರೆ ತೊಳೆದು ಬಂದು ಗ್ಯಾಸ್ ಡಬ್ಬಿಗಾಗಿ ಹುಡುಕಿದ. ಚೀಲದಲ್ಲಿಲ್ಲ, ಒಲೆಯ ಬಳಿಯಿಲ್ಲ, ಟೋಪಿಯ ಕೆಳಗಿಲ್ಲ. ರಾತ್ರಿ ಅದನ್ನು ಹೊಟ್ಟೆಗೆ ಅವಚಿಕೊಂಡು ಮಲಗಬೇಕೆಂದು ಆಗಲೇ ಮನಸ್ಸು ಗಟ್ಟಿಮಾಡಿಕೊಂಡಿದ್ದ.

"ಡಬ್ಬಿ ಎಲ್ಲಿ?"

ಲೆನೋರಾ ಅಷ್ಟರಲ್ಲಿ ಮಲಗುಚೀಲದೊಳಗೆ ಸೇರಿದ್ದಳು. ಹೊಟ್ಟೆಯ ಬಳಿ ಚೀಲ ದುಂಡಗೆ ಉಬ್ಬಿತ್ತು.

"ಇಲ್ಲಿ ನನ್ನ ಹತ್ರ ಮಲಗಿದೆ," ಎಂದಳು. "ನೀನು ಆ ಕಡೆ ತಿರುಗಿ ಮಲಗು. ಇದಕ್ಕೆ ಬೆಳಗ್ಗೆ ಕೆಲಸ ಇದೆ."